ಏಪ್ರಿಲ್‌ನಲ್ಲಿ ಚಂದ್ರಶಿಲಾ: ಕರಗುತ್ತಿರುವ ಹಿಮದ ಮೇಲೆ ನಡೆಯುವುದು ಹೇಗೆ

ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಉತ್ತರಾಖಂಡದ ಚೋಪ್ತಾ–ತುಂಗನಾಥ–ಚಂದ್ರಶಿಲಾ ಹಾದಿಯಲ್ಲಿ ಬೀಳುವುದಕ್ಕೆ ಮುಖ್ಯವಾಗಿ ಎರಡು ದಾರಿ ಇವೆ. ಬೆಳಗಿನ ಆರಕ್ಕೆ ಗಾಜಿನಂಥ ಐಸ್ ಮೇಲೆ ಕಾಲು ಜಾರಬಹುದು. ಮಧ್ಯಾಹ್ನ ಹನ್ನೆರಡಕ್ಕೆ ಗಂಜಿಯಂಥ ಹಿಮದಲ್ಲಿ ತೊಡೆಯವರೆಗೆ ಹೂತು ಮೊಣಕಾಲು ತಿರುಚಿಕೊಳ್ಳಬಹುದು. ಜಾಗವೂ ಅದೇ, ಹಿಮವೂ ಅದೇ, ಬೇರೆಯಾದದ್ದು ಗಂಟೆ ಮಾತ್ರ. ಜನವರಿಯ ಹಿಮ ದಿನವಿಡೀ ಹೆಚ್ಚುಕಡಿಮೆ ಒಂದೇ ತೆರನಾಗಿ ಇರುತ್ತದೆ. ವಸಂತದ ಹಿಮ ಹಾಗಲ್ಲ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುತ್ತದೆ. ಹಾಗಾಗಿ ಈ ಚಾರಣಕ್ಕೆ ಬೇಕಾದ ಮೊದಲ ಸಲಕರಣೆ ಕೈಗಡಿಯಾರ. ಮೈಕ್ರೋಸ್ಪೈಕ್ (ಶೂ ಅಡಿಗೆ ಕಟ್ಟುವ ಉಕ್ಕಿನ ಹಲ್ಲು), ಜಾಕೆಟ್ ಎಲ್ಲ ಆಮೇಲೆ.

ಮಾತಿನಲ್ಲಿ ಒಂದು ಗೊಂದಲ ಬೇಡ. ಕನ್ನಡದಲ್ಲಿ ಮಂಜು ಎಂದರೆ ಕೊಡಗಿನ ಬೆಳಗಿನ ಮಂಜೂ ಆಯಿತು, ಹಿಮಾಲಯದ ಬಿಳಿಯೂ ಆಯಿತು. ಇಲ್ಲಿ ಹಿಮ ಎಂದರೆ ಕಾಲಿಟ್ಟರೆ ಸ್ವಲ್ಪವಾದರೂ ಒಳಗಿಳಿಯುವಂಥದ್ದು. ಐಸ್ ಎಂದರೆ ಕಾಲಿಟ್ಟರೆ ಗುರುತೂ ಬೀಳದಂಥದ್ದು. ಎರಡರ ಮೇಲೆ ನಡೆಯುವ ರೀತಿ ಪೂರ್ತಿ ಬೇರೆ.

ಹಾದಿ

ಋಷಿಕೇಶದಿಂದ ದೇವಪ್ರಯಾಗ, ಗಢವಾಲದ ಶ್ರೀನಗರ, ರುದ್ರಪ್ರಯಾಗ, ಕುಂಡ್, ಉಖೀಮಠದ ಮೇಲೆ ಚೋಪ್ತಾಕ್ಕೆ ಸುಮಾರು 200 ಕಿ.ಮೀ. ಬಯಲುಸೀಮೆಯ ಲೆಕ್ಕದಲ್ಲಿ ನಾಲ್ಕು ಗಂಟೆ ಅನ್ನಿಸಿದರೂ ಎಂಟು ಗಂಟೆ ಹಿಡಿಯುತ್ತದೆ. ಮಾರ್ಚ್ ಮೊದಲಲ್ಲಿ ಹಿಮ ಬಿದ್ದರೆ ರಸ್ತೆ ಚೋಪ್ತಾದವರೆಗೆ ತೆರೆದಿರುವುದಿಲ್ಲ. ದುಗ್ಗಲ್‌ಬಿಟ್ಟಾ ಅಥವಾ ಬನಿಯಾಕುಂಡದಲ್ಲಿ ಗಾಡಿ ನಿಂತರೆ ಅಲ್ಲಿಂದಲೇ ನಡಿಗೆ. ಚೋಪ್ತಾ ಸುಮಾರು 2,700 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅಂದರೆ ಇಲ್ಲಿ ಗಾಡಿಯಿಂದ ಇಳಿಯುವ ಜಾಗವೇ ಕರ್ನಾಟಕದ ಅತಿ ಎತ್ತರದ ಬೆಟ್ಟಕ್ಕಿಂತ ಮುಕ್ಕಾಲು ಕಿಲೋಮೀಟರ್ ಮೇಲಿದೆ.

ಚೋಪ್ತಾದಿಂದ ತುಂಗನಾಥ ದೇವಸ್ಥಾನಕ್ಕೆ ಮೂರೂವರೆ–ನಾಲ್ಕು ಕಿ.ಮೀ., ಕಲ್ಲು ಹಾಸಿದ ದಾರಿ. ದೇವಸ್ಥಾನ 3,680 ಮೀಟರ್‌ನಲ್ಲಿದೆ, ಪಂಚ ಕೇದಾರ ಎನ್ನುವ ಐದು ಶಿವನ ಗುಡಿಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು. ಅಲ್ಲಿಂದ ಚಂದ್ರಶಿಲಾ ತುದಿಗೆ ಇನ್ನೊಂದು–ಒಂದೂವರೆ ಕಿ.ಮೀ., ಎತ್ತರ 4,000 ಮೀಟರ್ ಆಸುಪಾಸು. ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿಳಿದವರಿಗೆ ಈ ಅಂತರ ಏನೇನೂ ಅನ್ನಿಸುವುದಿಲ್ಲ. ತಪ್ಪು ಲೆಕ್ಕ ಶುರುವಾಗುವುದು ಅಲ್ಲೇ. ಕುಕ್ಕೆಯ ದಾರಿ ಕೇಳುವುದು ಕಾಲಿನ ಕಸುವು. ಇಲ್ಲಿ ಬೇಕಾದದ್ದು ಸಮತೋಲ ಮತ್ತು ಸಮಯ.

ಉಖೀಮಠದಲ್ಲಿ ಇಳಿದಾಗ ಕನ್ನಡ ಕಿವಿಗೆ ಬಿದ್ದರೆ ಬೆಚ್ಚಬೇಡಿ. ಕೇದಾರನಾಥದ ರಾವಲ್, ಅಂದರೆ ಮುಖ್ಯ ಅರ್ಚಕರು, ಕರ್ನಾಟಕ ಮೂಲದ ವೀರಶೈವ ಪರಂಪರೆಯವರು, ಚಳಿಗಾಲದ ಕೇದಾರ ಪೂಜೆ ನಡೆಯುವುದು ಇಲ್ಲಿನ ಓಂಕಾರೇಶ್ವರ ದೇವಸ್ಥಾನದಲ್ಲಿ. ತುಂಗನಾಥನ ಚಳಿಗಾಲದ ನೆಲೆ ಪಕ್ಕದ ಮಕ್ಕೂಮಠ. ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಬಾಗಿಲು ತೆರೆಯುವ ತನಕ ಮೇಲಿನ ಗುಡಿ ಮುಚ್ಚಿರುತ್ತದೆ. ಅಲ್ಲಿಯವರೆಗೆ ದಾರಿಯ ಮೇಲಿನ ಚಹಾದಂಗಡಿಗಳನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ. ನೀರು, ತಿಂಡಿ ಎಲ್ಲ ಕೆಳಗಿನಿಂದಲೇ ಹೊತ್ತೊಯ್ಯಬೇಕು.

ಯಾವ ವಾರ ಹೋದರೆ ಏನು ಸಿಗುತ್ತದೆ

ಮಾರ್ಚ್ ಮೊದಲರ್ಧದಲ್ಲಿ ಹಿಮ ಹೆಚ್ಚಿದ್ದರೆ ಚೋಪ್ತಾದ ಕಮಾನಿನಿಂದಲೇ ಕಲ್ಲುಹಾಸು ಕಾಣುವುದಿಲ್ಲ. ಏಪ್ರಿಲ್ ಮೊದಲ ಎರಡು ವಾರದಲ್ಲಿ ಕೆಳಗಿನ ಅರ್ಧ ದಾರಿ ಬಹುತೇಕ ತೆರೆದು, ಬುರಾಂಶ್ (ರೋಡೋಡೆಂಡ್ರಾನ್) ಮರಗಳು ಹೂವಿನಿಂದ ಕೆಂಪಾಗಿರುತ್ತವೆ. ಹಿಮ ಉಳಿಯುವುದು ನೆರಳಿನ ತಿರುವುಗಳಲ್ಲಿ, ಗದೇರಾಗಳಲ್ಲಿ, ಮತ್ತು ಮೇಲ್ಭಾಗದಲ್ಲಿ. ಗದೇರಾ ಎಂದರೆ ಬೆಟ್ಟದ ಮೈ ಸೀಳಿಕೊಂಡು ಇಳಿಯುವ ಹಳ್ಳ, ಗಢವಾಲಿಗಳ ಮಾತು. ನೋಡಲು ಹಗುರ ಅನ್ನಿಸುವ ಈ ಏಪ್ರಿಲ್ ಸ್ಥಿತಿಯೇ ಹೆಚ್ಚು ಮೋಸದ್ದು. ಎಲ್ಲ ಕಡೆ ಹಿಮವಿದ್ದಾಗ ಎಲ್ಲರೂ ಹುಷಾರಾಗಿರುತ್ತಾರೆ. ಹತ್ತು ನಿಮಿಷ ಒಣ ಕಲ್ಲು, ಆಮೇಲೆ ಎಂಟು ಮೀಟರ್ ಅಗಲದ ಇಳಿಜಾರು ಹಿಮ, ಮತ್ತೆ ಒಣ ಕಲ್ಲು ಎಂದಾದಾಗ ಸ್ಪೈಕ್ ಬ್ಯಾಗಿನಲ್ಲೇ ಉಳಿಯುತ್ತದೆ. ಹತ್ತು ಹೆಜ್ಜೆಗೆ ಯಾರು ಬಗ್ಗಿ ಹಾಕಿಕೊಳ್ಳುತ್ತಾರೆ ಎಂಬ ಸೋಮಾರಿತನ. ಜಾರುವುದು ಆ ಹತ್ತು ಹೆಜ್ಜೆಯಲ್ಲೇ.

ಹೊರಡುವ ಮೂರು ದಿನ ಮೊದಲಿನಿಂದ ಡೆಹ್ರಾಡೂನ್ ಹವಾಮಾನ ಕೇಂದ್ರದ ಮುನ್ಸೂಚನೆ ನೋಡುತ್ತಿರಿ. 'ವೆಸ್ಟರ್ನ್ ಡಿಸ್ಟರ್ಬೆನ್ಸ್', ಅಂದರೆ ಪಶ್ಚಿಮದ ಅಲೆ, ಎಂದು ಬಂದರೆ ಎತ್ತರದಲ್ಲಿ ಹೊಸ ಹಿಮ ಎಂದು ಓದಿಕೊಳ್ಳಿ. ಹಳೆಯ ಗಟ್ಟಿ ಪದರದ ಮೇಲೆ ಒಂದಡಿ ಹೊಸ ಹಿಮ ಬಿದ್ದ ಮೇಲೆ ಕನಿಷ್ಠ ಎರಡು ದಿನ ಕಡಿದಾದ ಇಳಿಜಾರಿಗೆ ಹೋಗಬೇಡಿ. ಮೇಲಿನ ಪದರ ಕೆಳಗಿನದಕ್ಕೆ ಇನ್ನೂ ಅಂಟಿರುವುದಿಲ್ಲ, ಇಡೀ ಹಾಸು ಒಟ್ಟಿಗೇ ಜಾರಬಹುದು. ಚಂಡೀಗಢದ ರಕ್ಷಣಾ ಸಂಸ್ಥೆ ಡಿಜಿಆರ್‌ಇ ಉತ್ತರಾಖಂಡದ ಎತ್ತರದ ಜಿಲ್ಲೆಗಳಿಗೆ ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ. ಅದರಲ್ಲಿ ರುದ್ರಪ್ರಯಾಗ, ಚಮೋಲಿ ಹೆಸರು ಇದೆಯೇ ಎಂದು ನೋಡಿ.

ಹಿಂದಿನ ರಾತ್ರಿಯ ಪರೀಕ್ಷೆ

ರಾತ್ರಿ ಒಂಬತ್ತಕ್ಕೆ ಹೊರಗೆ ಬಂದು ಆಕಾಶ ನೋಡಿ. ನಕ್ಷತ್ರ ಸ್ವಚ್ಛವಾಗಿ ಕಂಡರೆ ಹಿಮ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಂಡು ಬೆಳಗಿನ ಹೊತ್ತಿಗೆ ಕಲ್ಲಾಗಿರುತ್ತದೆ. ಮೋಡ ಕವಿದಿದ್ದರೆ ಕಂಬಳಿ ಹೊದ್ದ ಹಾಗೆ, ಹಿಮ ರಾತ್ರಿಯಿಡೀ ಮೆತ್ತಗೇ ಉಳಿಯುತ್ತದೆ. ಬೆಳಗಿನ ನಾಲ್ಕೂವರೆಗೆ ಲಾಡ್ಜ್ ಹೊರಗಿಟ್ಟ ಬಕೆಟ್ಟನ್ನು ಬೆರಳಿನಿಂದ ತಟ್ಟಿ. ಮೇಲೆ ತೆಳ್ಳಗಿನ ಕೆನೆಯಂಥ ಐಸ್ ಕಟ್ಟಿದ್ದರೆ, ಸಾವಿರ ಮೀಟರ್ ಮೇಲೆ ಐದಾರು ಡಿಗ್ರಿ ಇನ್ನೂ ಕಮ್ಮಿ ಇರುವುದರಿಂದ, ಅಲ್ಲಿ ಹಿಮ ಗಟ್ಟಿಯಾಗಿದೆ ಎಂದು ಲೆಕ್ಕ. ಬಕೆಟ್‌ನಲ್ಲಿ ಕೆನೆಯೂ ಇಲ್ಲ, ಆಕಾಶದಲ್ಲಿ ಮೋಡವೂ ಇದೆ ಎಂದರೆ ಬೆಳಿಗ್ಗೆ ಏಳಕ್ಕೇ ಹಿಮ ಗಂಜಿಯಾಗಿರುವ ಸಂಭವ ಹೆಚ್ಚು. ಅಂಥ ದಿನ ತುಂಗನಾಥಕ್ಕೇ ನಿಲ್ಲಿಸುವುದು ಒಳ್ಳೆಯದು.

ಹಾದಿಯಲ್ಲಿ ಪರೀಕ್ಷೆ ಮಾಡಲು ಶೂ ಸಾಕು. ಹಿಮದ ಮೇಲೆ ಮುಂಗಾಲಿನಿಂದ ಒಮ್ಮೆ ಗುದ್ದಿ.

ಗುರುತೇ ಬೀಳದಿದ್ದರೆ ಅದು ಗಾಜು, ಸ್ಪೈಕ್ ಇಲ್ಲದೆ ಒಂದು ಹೆಜ್ಜೆಯೂ ಬೇಡ. ಅರ್ಧ ಶೂ ಒಳಗಿಳಿದು ನಿಂತರೆ ಅದಕ್ಕಿಂತ ಒಳ್ಳೆಯ ಹಿಮ ಇಲ್ಲ. ಮೇಲ್ಮೈ ಕಲ್ಲುಪ್ಪಿನ ಹರಳಿನ ಹಾಗೆ ಕಾಣುತ್ತದೆ, ಹೆಜ್ಜೆ ಇಟ್ಟರೆ ಕರುಂ ಎನ್ನುತ್ತದೆ. ಬಿಸಿಲು ಬಿದ್ದ ಮೊದಲ ಒಂದೆರಡು ಗಂಟೆ ಹೀಗಿರುತ್ತದೆ. ಪಾದ ಪೂರ್ತಿ ಮುಳುಗಿ ಮೀನಖಂಡದವರೆಗೆ ಹೋಯಿತೆಂದರೆ ಹೊತ್ತು ಮೀರಿದೆ, ಇಳಿಯಲು ಶುರು ಮಾಡಿ.

ಗಂಟೆಯ ಲೆಕ್ಕ

ಏಪ್ರಿಲ್ ಮೊದಲಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆಯ ಸುಮಾರಿಗೆ. ಐದಕ್ಕೆ ಚೋಪ್ತಾ ಬಿಟ್ಟರೆ ಕೆಳಗಿನ ಸುಲಭದ ದಾರಿ ಟಾರ್ಚ್ ಬೆಳಕಿನಲ್ಲಿ ಮುಗಿಯುತ್ತದೆ, ಕಡಿದಾದ ಹಿಮ ಬರುವ ಹೊತ್ತಿಗೆ ಬೆಳಕಾಗಿರುತ್ತದೆ. ಏಳೂವರೆಗೆ ತುಂಗನಾಥ, ಒಂಬತ್ತರೊಳಗೆ ತುದಿ. ಒಂಬತ್ತೂವರೆಗೆ ಇಳಿಯಲು ಶುರು. ಹನ್ನೊಂದರ ಹೊತ್ತಿಗೆ ಗದೇರಾಗಳನ್ನೆಲ್ಲ ದಾಟಿ ಮುಗಿಸಿರಬೇಕು. ಹತ್ತು ಗಂಟೆ ಎಂದರೆ ಗೆರೆ. ಎಲ್ಲೇ ಇರಿ, ತುದಿಗೆ ಐವತ್ತು ಮೀಟರ್ ಉಳಿದಿರಲಿ, ಹತ್ತಾದರೆ ತಿರುಗಿ.

ಸೂರ್ಯೋದಯ ತುದಿಯಿಂದಲೇ ನೋಡಬೇಕೆಂದು ರಾತ್ರಿ ಎರಡೂವರೆಗೆ ಹೊರಡಿಸುವ ರೂಢಿಯೊಂದಿದೆ. ಅಕ್ಟೋಬರ್‌ನಲ್ಲಿ ಸರಿ. ಏಪ್ರಿಲ್‌ನಲ್ಲಿ ಇದರರ್ಥ, ದಿನದಲ್ಲೇ ಅತಿ ಗಟ್ಟಿಯಾದ ಐಸ್ ಮೇಲೆ, ಕೆಳಗೆ ಏನಿದೆ ಎಂದು ಕಾಣದ ಕತ್ತಲಲ್ಲಿ, ಅಡ್ಡ ಇಳಿಜಾರು ದಾಟುವುದು. ಸೂರ್ಯೋದಯ ನೋಡಲೇಬೇಕಿದ್ದರೆ ತುಂಗನಾಥಕ್ಕಿಂತ ಕೆಳಗಿನ ಹುಲ್ಲುಗಾವಲಲ್ಲಿ ನಿಂತು ನೋಡಿ. 7,138 ಮೀಟರಿನ ಚೌಖಂಬಾದ ಮೇಲೆ ಮೊದಲ ಬೆಳಕು ಅಲ್ಲಿಂದಲೂ ಕಾಣುತ್ತದೆ.

ಮಧ್ಯಾಹ್ನದ ಮೇಲೆ ಏಪ್ರಿಲ್ ಆಕಾಶವನ್ನು ನಂಬಬಾರದು. ಒಂದು ಗಂಟೆಗೆ ಬಿಳಿ ಮೋಡ, ಎರಡಕ್ಕೆ ಗುಡುಗು, ಆಲಿಕಲ್ಲು. ಮರವಿಲ್ಲದ ಬೋಳು ದಿಣ್ಣೆಯ ಮೇಲೆ ಕೈಯಲ್ಲಿ ಎರಡು ಲೋಹದ ಕೋಲು ಹಿಡಿದು ನಿಂತಿರುವ ಹೊತ್ತು ಅದಲ್ಲ.

ಕಾಲಿಗೆ, ಕೈಗೆ

ಹಿಮ್ಮಡಿಯ ಗಂಟು ಮುಚ್ಚುವ, ಅಟ್ಟೆ ಗಟ್ಟಿಯಾದ, ನೀರು ತಡೆಯುವ ಶೂ ಬೇಕು. ಅಟ್ಟೆ ಎಷ್ಟು ಗಟ್ಟಿ ಎಂದು ನೋಡಲು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಚಪಾತಿಯ ಹಾಗೆ ಮಡಚಿದರೆ ಅದು ಓಟದ ಶೂ, ಹಿಮದಲ್ಲಿ ಮೆಟ್ಟಿಲು ಗುದ್ದಲು ಬರುವುದಿಲ್ಲ. ಎರಡು ಕಾಲುಚೀಲ ಹಾಕಿದ ಮೇಲೂ ಬೆರಳು ಆಡಬೇಕು. ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತದೆ. ಗಂಬೂಟು ಬಾಡಿಗೆಗೆ ಕೊಡುವವರು ಸಿಕ್ಕರೂ ಬೇಡ, ಒಳಗೆ ಪಾದ ಜಾರಾಡುತ್ತದೆ, ಸ್ಪೈಕ್ ಅದರ ಮೇಲೆ ನಿಲ್ಲುವುದಿಲ್ಲ.

ಮೈಕ್ರೋಸ್ಪೈಕ್ ಎಂದರೆ ಶೂ ಮೇಲೆ ಎಳೆದು ಹಾಕುವ ರಬ್ಬರ್ ಚೌಕಟ್ಟು, ಕೆಳಗೆ ಸರಪಳಿ, ಸರಪಳಿಗೆ ಉಕ್ಕಿನ ಹಲ್ಲು. ಸ್ಥಳೀಯ ಅಂಗಡಿಗಳಲ್ಲಿ ಇದಕ್ಕೂ 'ಕ್ರಾಂಪಾನ್' ಎನ್ನುತ್ತಾರೆ. ನಿಜವಾದ ಕ್ರಾಂಪಾನ್ ಬೇರೆ, ಈ ಹಾದಿಗೆ ಅದು ಬೇಡ. ಬಾಡಿಗೆಗೆ ಪಡೆಯುವಾಗ ಮೂರು ಕಡೆ ನೋಡಿ: ರಬ್ಬರ್‌ನಲ್ಲಿ ಸರಪಳಿ ಸೇರುವ ತೂತು ಹರಿದಿದೆಯೇ, ಸರಪಳಿಯ ಕೊಂಡಿ ಬಾಯಿ ಬಿಟ್ಟಿದೆಯೇ, ಹಲ್ಲು ಸವೆದು ಮೊಂಡಾಗಿದೆಯೇ. ನಿಮ್ಮ ಶೂಗೇ ಹಾಕಿ ಹತ್ತು ಸಲ ನೆಲಕ್ಕೆ ಕುಟ್ಟಿ ನೋಡಿ. ಪಕ್ಕಕ್ಕೆ ಸರಿದರೆ ಸೈಜ್ ದೊಡ್ಡದು. ಸರಿದ ಸ್ಪೈಕ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ನೀವು ಅದನ್ನು ನಂಬಿ ಹೆಜ್ಜೆ ಇಟ್ಟಿರುತ್ತೀರಿ.

ಕಟ್ಟಿಕೊಳ್ಳುವುದು ಐಸ್ ತಲುಪುವ ಮೊದಲು, ಸಮತಟ್ಟಾದ ಜಾಗದಲ್ಲಿ, ಕೂತು. ಐಸ್ ಮೇಲೆ ನಿಂತು ಒಂಟಿಕಾಲಿನಲ್ಲಿ ಹಾಕಿಕೊಳ್ಳಲು ಹೋಗಿ ಬೀಳಬೇಡಿ. ನಡುವೆ ಎರಡು ಮೂರು ನಿಮಿಷದ ಬರಿಗಲ್ಲು ಬಂದರೆ ತೆಗೆಯಬೇಡಿ, ನಿಧಾನ ಹೋಗಿ. ಅದಕ್ಕಿಂತ ಉದ್ದದ ಕಲ್ಲುಹಾಸಾದರೆ ತೆಗೆಯಿರಿ. ಉಕ್ಕು ಚಪ್ಪಡಿಯ ಮೇಲೆ ಜಾರುತ್ತದೆ, ಹಲ್ಲೂ ಮೊಂಡಾಗುತ್ತದೆ. ಹೊತ್ತೇರಿ ಹಿಮ ಒದ್ದೆಯಾದಾಗ ಹಲ್ಲಿನ ನಡುವೆ ಹಿಮ ಮೆತ್ತಿಕೊಂಡು ಹಿಮ್ಮಡಿಯ ಕೆಳಗೆ ಮುದ್ದೆ ಕಟ್ಟುತ್ತದೆ, ಹಲ್ಲು ನೆಲ ಮುಟ್ಟುವುದೇ ಇಲ್ಲ. ಎರಡು ಮೂರು ಹೆಜ್ಜೆಗೊಮ್ಮೆ ಕೋಲಿನಿಂದ ಶೂ ಪಕ್ಕಕ್ಕೆ ತಟ್ಟಿ ಉದುರಿಸಿ.

ಚಾರಣದ ಕೋಲು ಎರಡು. ತುದಿಯ ರಬ್ಬರ್ ಟೊಪ್ಪಿ ತೆಗೆದು, ಅಗಲದ ಹಿಮದ ಬಿಲ್ಲೆ ಹಾಕಿ. ಇಲ್ಲದಿದ್ದರೆ ಕೋಲು ಹಿಡಿಯವರೆಗೆ ಒಳಗೆ ಹೋಗುತ್ತದೆ. ಗೇಟರ್ಸ್, ಅಂದರೆ ಶೂ ಬಾಯಿ ಮುಚ್ಚುವ ಹಾಗೆ ಕಾಲಿಗೆ ಕಟ್ಟುವ ಹೊದಿಕೆ, ಇರಲಿ. ಮೇಲಿನಿಂದ ಶೂ ಒಳಗೆ ಹಿಮ ಹೋಗುವುದನ್ನು ತಡೆಯುವುದು ಅದೊಂದೇ. ಐಸ್ ಆಕ್ಸ್ (ಹಿಮದ ಕೊಡಲಿ) ಬಗ್ಗೆ ಒಂದೇ ಮಾತು: ತರಬೇತಿ ಇಲ್ಲದವರ ಕೈಯಲ್ಲಿ ಅದು ಕುಡುಗೋಲು. ಅದು ಬೇಕೇಬೇಕು ಅನ್ನಿಸುವಂಥ ಇಳಿಜಾರು ಎದುರಾದರೆ ಹಿಂದಕ್ಕೆ ಹೊರಡಿ.

ಬಟ್ಟೆಯ ವಿಷಯ ಚುಟುಕಾಗಿ: ಹತ್ತಿ ಬೇಡ, ಜೀನ್ಸ್ ಬೇಡವೇ ಬೇಡ. ಒಂದು ಥರ್ಮಲ್, ಒಂದು ಫ್ಲೀಸ್, ನಿಂತಾಗ ಹಾಕಲು ಒಂದು ಡೌನ್ ಜಾಕೆಟ್, ಮೇಲೆ ಗಾಳಿ–ನೀರು ತಡೆಯುವ ಹೊದಿಕೆ. ನಡೆಯಲು ಶುರು ಮಾಡುವಾಗ ಸ್ವಲ್ಪ ಚಳಿ ಅನ್ನಿಸುತ್ತಿರಬೇಕು. ಬೆಚ್ಚಗೆ ಹೊರಟರೆ ಅರ್ಧ ಗಂಟೆಗೆ ಬೆವರಿ, ತುದಿಯ ಗಾಳಿಗೆ ಆ ಬೆವರೇ ಕೊರೆಯುತ್ತದೆ. ಕೈಗವಸು ಎರಡು ಜೊತೆ, ಏಕೆಂದರೆ ಒಂದು ಜೊತೆ ಒದ್ದೆಯಾಗುವುದು ಖಂಡಿತ.

ಹೆಜ್ಜೆ

ಮಲೆನಾಡಿನವರಿಗೆ ಐಸ್ ನಡಿಗೆ ಅರ್ಧ ಗೊತ್ತೇ ಇರುತ್ತದೆ. ಆಷಾಢದ ಮಳೆಯಲ್ಲಿ ಪಾಚಿಗಟ್ಟಿದ ಅಂಗಳ ದಾಟುವಾಗ ಹಿಮ್ಮಡಿ ಊರಿ ದಾಪುಗಾಲು ಹಾಕುವುದಿಲ್ಲ. ಮಂಡಿ ಸಡಿಲ ಬಿಟ್ಟು, ಇಡೀ ಪಾದ ಒಟ್ಟಿಗೆ ಊರಿ, ಗೇಣುದ್ದದ ಹೆಜ್ಜೆ ಇಡುತ್ತೇವೆ. ಐಸ್ ಮೇಲೂ ಅದೇ. ಸ್ಪೈಕಿನ ಎಲ್ಲ ಹಲ್ಲೂ ಒಟ್ಟಿಗೆ ಕೂರುವ ಹಾಗೆ ಪಾದ ಚಪ್ಪಟೆಯಾಗಿ ಇಡಬೇಕು, ಪಾದದ ಅಂಚಿನ ಮೇಲೆ ಅಲ್ಲ.

ಹಿಮದ ಮೇಲೆ ಹತ್ತುವಾಗ ರೀತಿ ಬೇರೆ. ಮಂಡಿಯಿಂದ ಕೆಳಗಿನ ಕಾಲನ್ನು ಲೋಲಕದ ಹಾಗೆ ಬೀಸಿ ಶೂ ತುದಿಯಿಂದ ಎರಡು ಮೂರು ಸಲ ಗುದ್ದಿ, ಅರ್ಧ ಶೂ ಕೂರುವ ಗೂಡು ಮಾಡಿ. ಗೂಡಿನ ತಳ ಬೆಟ್ಟದ ಕಡೆಗೆ ಸ್ವಲ್ಪ ಇಳಿದಿರಲಿ. ಭಾರ ನಿಧಾನ ಹಾಕಿ, ನಿಂತಿತೆಂದು ಖಾತ್ರಿಯಾದ ಮೇಲೆ ಮುಂದಿನ ಕಾಲು. ಗುಂಪಿನಲ್ಲಿ ಮುಂದಿನವರು ಮಾಡಿದ ಗೂಡನ್ನೇ ಬಳಸಿ, ಆದರೆ ಪ್ರತಿಯೊಬ್ಬರೂ ಒಂದು ಗುದ್ದು ಗುದ್ದಿ ಅದನ್ನು ಸರಿಮಾಡುತ್ತ ಹೋಗಬೇಕು.

ಹೆದರಿಕೆಯಾದಾಗ ಮೈ ತಾನಾಗಿ ಬೆಟ್ಟಕ್ಕೆ ಒರಗುತ್ತದೆ. ಜಾರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ. ಮೈ ಒಳಕ್ಕೆ ವಾಲಿದರೆ ಭಾರ ಪಾದವನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಗೆ ಒರಗಿಸಿಟ್ಟ ಏಣಿಯ ಬುಡ ನುಣುಪು ನೆಲದಲ್ಲಿ ಹೊರಕ್ಕೆ ಜಾರುವ ಹಾಗೆ. ಸೊಂಟ ಪಾದದ ನೇರಕ್ಕೆ ಇರಲಿ, ಮೈ ನೆಟ್ಟಗಿರಲಿ.

ಗದೇರಾ ದಾಟುವುದು

ಇಡೀ ಹಾದಿಯಲ್ಲಿ ಹೆಚ್ಚು ಹೊತ್ತು ಯೋಚಿಸಬೇಕಾದ ಜಾಗ ಇದು. ದಾರಿ ಒಂದು ತಿರುವಿನಲ್ಲಿ ಹಳ್ಳದೊಳಕ್ಕೆ ಬಾಗುತ್ತದೆ. ಕಲ್ಲುಹಾಸು, ಪಕ್ಕದ ಗೋಡೆ ಎರಡೂ ಹಿಮದ ಕೆಳಗೆ ಮಾಯ. ಸಮತಟ್ಟು ದಾರಿಯಿದ್ದಲ್ಲಿ ಮೇಲಿನಿಂದ ಕೆಳಕ್ಕೆ ಒಂದೇ ಇಳಿಜಾರು. ನಡುವೆ ನಿನ್ನೆಯ ಹೆಜ್ಜೆಗಳ ಒಂದು ಗೆರೆ. ಆ ಹೆಜ್ಜೆಗಳು ನಿನ್ನೆ ಮಧ್ಯಾಹ್ನ ಮೆತ್ತಗಿದ್ದಾಗ ಬಿದ್ದವು, ರಾತ್ರಿ ನೀರು ತುಂಬಿ ಹೆಪ್ಪುಗಟ್ಟಿದವು. ಈಗ ಒಂದೊಂದೂ ಹೊರಕ್ಕೆ ವಾಲಿದ ಗಾಜಿನ ಬಟ್ಟಲು. ಅದರಲ್ಲಿ ಕಾಲಿಟ್ಟರೆ ಪಾದ ಪಕ್ಕಕ್ಕೆ ಕಣಿವೆಯತ್ತ ಜಾರುತ್ತದೆ. ಹಾಗಾಗಿ ಆ ಗೆರೆಗಿಂತ ಒಂದಡಿ ಮೇಲೆ, ಗುದ್ದಿದರೆ ಒಳಗಿಳಿಯುವ ಹಿಮದಲ್ಲಿ, ಹೊಸ ಹೆಜ್ಜೆ ಮಾಡಿಕೊಳ್ಳಿ.

ಕಾಲಿಡುವ ಮೊದಲು ಕೆಳಗೆ ನೋಡಿ: ಜಾರಿದರೆ ಎಲ್ಲಿಗೆ ಹೋಗಿ ನಿಲ್ಲುತ್ತೀರಿ? ಹತ್ತು ಮೀಟರ್ ಕೆಳಗೆ ಸಮತಟ್ಟು ಹುಲ್ಲು ಇದ್ದರೆ ಬಿದ್ದರೂ ಪ್ಯಾಂಟ್ ಒದ್ದೆ, ಅಷ್ಟೆ. ಬಂಡೆ, ಮರದ ಬುಡ, ಅಥವಾ ಏನೂ ಕಾಣದ ಅಂಚು ಇದ್ದರೆ ಲೆಕ್ಕ ಬೇರೆ. ಸ್ಪೈಕ್ ಇಲ್ಲದೆ, ಗುದ್ದಿದರೂ ಗುರುತು ಬೀಳದ ಐಸ್ ಮೇಲೆ, ಕೆಳಗೆ ಬಂಡೆ ಇರುವ ಕಡೆ ದಾಟಲೇಬಾರದು. ಬಿಸಿಲು ಬಿದ್ದು ಮೆತ್ತಗಾಗುವ ತನಕ ಕಾಯಿರಿ, ಕಾಯಲು ಹೊತ್ತಿಲ್ಲದಿದ್ದರೆ ವಾಪಸ್ಸಾಗಿ.

ದಾಟುವುದಾದರೆ ಬ್ಯಾಗಿನ ಎದೆಪಟ್ಟಿ, ಸೊಂಟಪಟ್ಟಿ ಬಿಚ್ಚಿ. ಕೋಲಿನ ಮಣಿಕಟ್ಟಿನ ಪಟ್ಟಿಯಿಂದ ಕೈ ಹೊರಗೆ ತೆಗೆಯಿರಿ. ಬೆಟ್ಟದ ಕಡೆಯ ಕೋಲನ್ನು ಗಿಡ್ಡವಾಗಿ ಹಿಡಿಯಿರಿ. ಒಬ್ಬೊಬ್ಬರಾಗಿ ಹೋಗಿ, ಒಬ್ಬರು ಆಚೆ ತಲುಪಿದ ಮೇಲೆ ಇನ್ನೊಬ್ಬರು. ಕೋಲು, ಕಾಲು, ಕಾಲು ಎಂಬ ಲಯದಲ್ಲಿ ಹೆಜ್ಜೆ ಇಡಿ, ಮೂರರಲ್ಲಿ ಎರಡು ಯಾವಾಗಲೂ ಊರಿರಬೇಕು. ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವುದು ಬೇಡ. ಕೈ ಕೈ ಹಿಡಿದು ಸರಪಳಿಯಾಗಿ ದಾಟುವುದಂತೂ ಬೇಡವೇ ಬೇಡ. ಧೈರ್ಯಕ್ಕೆಂದು ಹಿಡಿದ ಕೈಯೇ ಒಬ್ಬರ ಜಾರುವಿಕೆಯನ್ನು ನಾಲ್ವರದನ್ನಾಗಿ ಮಾಡುತ್ತದೆ.

ಹಿಮದ ಅಡಿಯಲ್ಲಿ ನೀರು ಹರಿಯುವ ಸದ್ದು ಕೇಳಿದರೆ ನೀವು ನಿಂತಿರುವುದು ಸೇತುವೆಯ ಮೇಲೆ. ಕೆಳಗಿನಿಂದ ಹಳ್ಳ ಅದನ್ನು ದಿನವೂ ಕೊರೆಯುತ್ತಿರುತ್ತದೆ. ಕೋಲನ್ನು ಒತ್ತಿ ನೋಡಿ. ಸಲೀಸಾಗಿ ಒಳಹೋಗಿ ಟೊಳ್ಳು ಸಿಕ್ಕರೆ ಹಿಂದೆ ಬನ್ನಿ, ಮೇಲಕ್ಕೆ ಹೋಗಿ ದಪ್ಪ ಇರುವ ಕಡೆ ಹುಡುಕಿ. ಹೊರಚಾಚಿದ ಬಂಡೆ, ಮರದ ಬೊಡ್ಡೆ, ಕಬ್ಬಿಣದ ಕಂಬಿ ಇವುಗಳ ಸುತ್ತ ಒಂದು ಮೀಟರ್ ದೂರವಿರಿ. ಬಿಸಿಲಿಗೆ ಅವು ಕಾದು ಸುತ್ತಲಿನ ಹಿಮ ಕರಗಿ ಒಳಗೊಳಗೇ ಗುಂಡಿ ಆಗಿರುತ್ತದೆ. ಆಸರೆಗೆಂದು ಬಂಡೆಯತ್ತ ಹೋದವರ ಕಾಲೇ ಅದರಲ್ಲಿ ಸಿಕ್ಕಿಕೊಳ್ಳುವುದು.

ಜಾರಿಬಿಟ್ಟರೆ ಮೊದಲ ಎರಡು ಸೆಕೆಂಡ್ ಮುಖ್ಯ. ವೇಗ ಹೆಚ್ಚಿದ ಮೇಲೆ ನಿಲ್ಲಿಸಲಾಗುವುದಿಲ್ಲ. ತಕ್ಷಣ ಹೊಟ್ಟೆ ಹಿಮಕ್ಕೆ ತಾಗುವ ಹಾಗೆ ಬೋರಲಾಗಿ ಹೊರಳಿ, ತಲೆ ಮೇಲಕ್ಕೆ ಕಾಲು ಕೆಳಕ್ಕೆ ಮಾಡಿ, ದಂಡ ಹೊಡೆಯುವವರ ಹಾಗೆ ಅಂಗೈ ಊರಿ ಎದೆ ಎತ್ತಿ. ಆಗ ಭಾರವೆಲ್ಲ ಶೂ ತುದಿಗೆ ಹೋಗಿ ಅದು ಹಿಮ ಅಗೆಯುತ್ತದೆ. ಸ್ಪೈಕ್ ಹಾಕಿದ್ದರೆ ಮಾತ್ರ ಪಾದ ಮೇಲೆತ್ತಿ ಮಂಡಿ ಊರಬೇಕು. ವೇಗದಲ್ಲಿ ಹಲ್ಲು ಕಚ್ಚಿದರೆ ಕಾಲೇ ಮುರಿಯುತ್ತದೆ. ಇದನ್ನು ಓದಿಕೊಂಡರೆ ಬರುವುದಿಲ್ಲ. ಚೋಪ್ತಾದ ಹತ್ತಿರ ಕೆಳಗೆ ಸಮತಟ್ಟಿರುವ ಐದು ಮೀಟರ್ ಹಿಮದ ಇಳಿಜಾರು ಸಿಕ್ಕರೆ, ಸ್ಪೈಕ್ ಇಲ್ಲದೆ ಹತ್ತು ಸಲ ಬೇಕೆಂದೇ ಜಾರಿ ಅಭ್ಯಾಸ ಮಾಡಿ.

ತುಂಗನಾಥದಿಂದ ಮೇಲೆ

ಕಲ್ಲು ಹಾಸಿದ ದಾರಿ ದೇವಸ್ಥಾನಕ್ಕೇ ಮುಗಿಯುತ್ತದೆ. ಮೇಲೆ ಹಿಮವಿದ್ದರೆ ದಾರಿ ಎಂದರೆ ಹಿಂದಿನವರ ಹೆಜ್ಜೆ, ಅಷ್ಟೆ. ಹೊರಡುವ ಮುಂಚೆ ಐದು ನಿಮಿಷ ನಿಂತು ಇಳಿಜಾರು ಓದಿ. ಸಣ್ಣ ಸಣ್ಣ ಹಿಮದ ಉಂಡೆಗಳು ಉರುಳಿ ಬಂದು ಹಿಂದೆ ಗೆರೆ ಎಳೆದಿವೆಯೇ? ಅದು ಮೇಲ್ಮೈ ಒದ್ದೆಯಾಗುತ್ತಿರುವ ಗುರುತು. ರವೆ ಉಂಡೆ ಗಾತ್ರದವು ಒಂದೆರಡಾದರೆ ಬೇಗ ಹೋಗಿ ಬೇಗ ಬನ್ನಿ, ತೆಂಗಿನಕಾಯಿ ಗಾತ್ರದವು ಬರುತ್ತಿದ್ದರೆ ಹೋಗಬೇಡಿ. ಹೆಜ್ಜೆ ಇಟ್ಟಾಗ ಕೆಳಗಿನಿಂದ ಧಪ್ ಎಂದು ಮೊಳಗಿದರೆ, ಅಥವಾ ಕಾಲಿನಿಂದ ಸೀಳುಗೆರೆ ಓಡಿದರೆ, ಒಳಗಿನ ಪದರ ಕುಸಿದಿದೆ ಎಂದರ್ಥ. ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ಹಿಮ ಜಾರಿ ಬೀಳುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಓರೆಯಲ್ಲಿ. ಕೋಲನ್ನು ಹಿಮದ ಮೇಲೆ ಮಲಗಿಸಿ, ಓರೆ ಅಳೆಯುವ ಮಟ್ಟಗೋಲು ಆ್ಯಪ್ ತೆರೆದ ಫೋನನ್ನು ಅದರ ಮೇಲಿಟ್ಟರೆ ಓರೆ ಎಷ್ಟೆಂದು ತಿಳಿಯುತ್ತದೆ.

ತುದಿಯಲ್ಲಿ ಒಂದು ಪುಟ್ಟ ಗುಡಿ. ನಂದಾದೇವಿ, ತ್ರಿಶೂಲ್, ಕೇದಾರ ಶಿಖರ, ಚೌಖಂಬಾ ಸಾಲು ಸುತ್ತ ಕಾಣುತ್ತದೆ. ಗುಡಿಯ ಹತ್ತಿರದ ಕಲ್ಲುನೆಲದಲ್ಲೇ ಇರಿ. ಗಾಳಿ ಹೊತ್ತು ತಂದ ಹಿಮ ಅಂಚಿನಾಚೆ ಸೂರಿನ ಹಾಗೆ ಚಾಚಿಕೊಂಡಿರುತ್ತದೆ. ಮೇಲೆ ನಿಂತವರಿಗೆ ನೆಲ, ಪಕ್ಕದಿಂದ ನೋಡಿದವರಿಗೆ ಗಾಳಿ. ಕಲ್ಲು ಕೊನೆಯದಾಗಿ ಎಲ್ಲಿ ಕಂಡಿತೋ ಅಲ್ಲಿಂದ ಮುಂದೆ ಹೋಗಬೇಡಿ.

ಇಳಿಯುವಾಗ

ಮೆತ್ತಗಾದ ಹಿಮದಲ್ಲಿ ಬೆಟ್ಟಕ್ಕೆ ಬೆನ್ನು ಮಾಡಿ, ಹಿಮ್ಮಡಿಯನ್ನು ಜೋರಾಗಿ ಊರುತ್ತ, ಮೂಗು ಕಾಲಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಇಳಿಯಿರಿ. ಅಳುಕಿ ಹಿಂದಕ್ಕೆ ವಾಲಿದರೆ ಹಿಮ್ಮಡಿ ಕಚ್ಚುವುದಿಲ್ಲ, ಕೂತುಬಿಡುತ್ತೀರಿ. ತೊಡೆವರೆಗೆ ಹೂತರೆ ಎಳೆದಾಡಬೇಡಿ, ಮೊಣಕಾಲು ತಿರುಚುತ್ತದೆ. ಮೇಲಿನ ಕಡೆಗೆ ಮಲಗಿ, ಕಾಲಿನ ಸುತ್ತ ಕೈಯಿಂದ ಅಗೆದು, ಬಂದ ದಿಕ್ಕಿನಲ್ಲೇ ಕಾಲು ಹೊರತೆಗೆಯಿರಿ. ಕುಂಡೆ ಮೇಲೆ ಜಾರಿಕೊಂಡು ಹೋಗುವ ಆಸೆ ಎಲ್ಲರಿಗೂ ಬರುತ್ತದೆ. ಕೆಳಗೆ ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಾರೆ ಕಾಣುವ, ಕಲ್ಲಿಲ್ಲದ ಗಿಡ್ಡ ಇಳಿಜಾರಾದರೆ, ಸ್ಪೈಕ್ ತೆಗೆದು ಬ್ಯಾಗಿನೊಳಗೆ ಇಟ್ಟ ಮೇಲೆ ಸರಿ. ಸ್ಪೈಕ್ ಕಾಲಿನಲ್ಲಿಟ್ಟುಕೊಂಡು ಜಾರುವುದು ಹಿಮ್ಮಡಿ ಗಂಟು ಮುರಿದುಕೊಳ್ಳುವ ಖಚಿತ ಉಪಾಯ.

ಹಿಮ ತಪ್ಪಿಸಲು ಅಂಚಿನ ಹುಲ್ಲಿನ ಮೇಲೆ ನಡೆಯುವುದೂ ಬೇಡ. ಆಗತಾನೆ ಹಿಮ ಸರಿದ ಬುಗ್ಯಾಲ್, ಅಂದರೆ ಎತ್ತರದ ಹುಲ್ಲುಗಾವಲು, ನೀರು ಕುಡಿದ ಸ್ಪಂಜಿನಂತಿರುತ್ತದೆ. ಒಂದು ದಿನದ ನೂರು ಕಾಲಿಗೆ ಹುಲ್ಲಿನ ಬೇರು ಕಿತ್ತು ಬರುತ್ತದೆ, ನೇರಳೆ ಪ್ರಿಮುಲಾ ಮೊಗ್ಗು ಎದ್ದಿರುವುದೂ ಸರಿಯಾಗಿ ಅದೇ ಜಾಗದಲ್ಲಿ. ಬುಗ್ಯಾಲ್ ಮೇಲೆ ರಾತ್ರಿ ತಂಗುವುದನ್ನು ಉತ್ತರಾಖಂಡ ಹೈಕೋರ್ಟ್ 2018ರಲ್ಲೇ ನಿಷೇಧಿಸಿದೆ. ಟೆಂಟ್ ಹಾಕಿಕೊಡುತ್ತೇವೆ ಎನ್ನುವವರು ಎಲ್ಲಿ ಹಾಕುತ್ತಾರೆ ಎಂದು ಮೊದಲೇ ಕೇಳಿ.

ಎತ್ತರ, ಕಣ್ಣು, ನೀರು

ಋಷಿಕೇಶದಿಂದ ಒಂದೇ ದಿನ ಚೋಪ್ತಾಕ್ಕೆ ಬಂದು ಮರುದಿನವೇ 4,000 ಮೀಟರ್ ಹತ್ತಿದರೆ ತಲೆನೋವು ಬಂದರೆ ಆಶ್ಚರ್ಯವಿಲ್ಲ. ಮೊದಲ ರಾತ್ರಿ ಸುಮಾರು 2,000 ಮೀಟರ್‌ನ ಸಾರಿ ಹಳ್ಳಿಯಲ್ಲಿ ಮಲಗಿ, ಮರುದಿನ ದೇವರಿಯಾತಾಲ್ ಕೆರೆಗೆ ಹತ್ತಿ, ಆಮೇಲೆ ಚೋಪ್ತಾಕ್ಕೆ ಬರುವುದು ಒಳ್ಳೆಯ ಕ್ರಮ. ತಲೆನೋವಿನ ಜೊತೆ ವಾಕರಿಕೆ ಬಂದರೆ ಅಂದೇ ಹತ್ತುವುದು ನಿಲ್ಲಿಸಿ. ನಡಿಗೆ ತಡವರಿಸಿದರೆ, ಮಾತು ತೊದಲಿದರೆ, ಕೂತಾಗಲೂ ಉಸಿರು ಸಾಲದಾದರೆ, ರಾತ್ರಿಯಾದರೂ ಸರಿ, ಉಖೀಮಠದತ್ತ ಕೆಳಗಿಳಿಸಿ, 108ಕ್ಕೆ ಕರೆ ಮಾಡಿ. ಎತ್ತರದ ತೊಂದರೆಗೆ ಕೊಡುವ ಡೈಮಾಕ್ಸ್ ಮಾತ್ರೆ ಬೇಕೇ ಎಂಬುದನ್ನು ಊರಿನಲ್ಲೇ ವೈದ್ಯರ ಹತ್ತಿರ ಕೇಳಿ. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ಹೇಳಬೇಕು.

ಕಣ್ಣಿನ ವಿಷಯ ಹೆಚ್ಚಿನವರು ಹಗುರ ಮಾಡುತ್ತಾರೆ. ಹೊಸ ಹಿಮ ಅತಿನೇರಳೆ ಕಿರಣದ ಶೇ. 80ರಷ್ಟನ್ನು ತಿರುಗಿಸಿ ಹೊಡೆಯುತ್ತದೆ. ಮೋಡವಿದ್ದರೂ ಬಿಡುವುದಿಲ್ಲ. ಬರಿಗಣ್ಣಿನಲ್ಲಿ ನಾಲ್ಕು ಗಂಟೆ ಕಳೆದರೆ ರಾತ್ರಿ ಕಣ್ಣಿಗೆ ಮರಳು ಸುರಿದ ಹಾಗೆ ಉರಿ, ನೀರು. ಪಕ್ಕ ಮುಚ್ಚಿದ, ಕೆಟಗರಿ 3 ಅಥವಾ 4ರ (ಬೆಳಕು ತಡೆಯುವ ಮಟ್ಟ) ಕಪ್ಪು ಕನ್ನಡಕ ಬೇಕು. ಸನ್‌ಸ್ಕ್ರೀನ್ ಮೂಗಿನ ಕೆಳಭಾಗಕ್ಕೆ, ಗಲ್ಲದ ಅಡಿಗೂ ಹಚ್ಚಿ. ಇಲ್ಲಿ ಬಿಸಿಲು ಕೆಳಗಿನಿಂದಲೂ ಬರುತ್ತದೆ.

ನೀರು ತಲಾ ಎರಡು ಲೀಟರ್. ಬಾಟಲಿಯನ್ನು ತಲೆಕೆಳಗಾಗಿ ಇಡಿ. ಹೆಪ್ಪುಗಟ್ಟುವುದು ಮೇಲಿನಿಂದ, ಹಾಗಾಗಿ ಬಾಯಿ ತೆರೆದೇ ಉಳಿಯುತ್ತದೆ. ತಿಂಡಿಗೆ ಹಿಂದಿನ ರಾತ್ರಿಯೇ ಢಾಬಾದಲ್ಲಿ ಪರಾಠ ಹೇಳಿಡಿ, ಬೆಳಿಗ್ಗೆ ಐದಕ್ಕೆ ಒಲೆ ಉರಿದಿರುವುದಿಲ್ಲ. ಕಡಲೆಕಾಯಿ ಚಿಕ್ಕಿ ಊರಿನಿಂದ ತಂದಿದ್ದರೆ ಮೊದಲೇ ಸಣ್ಣಗೆ ಒಡೆದು ಜೇಬಿನಲ್ಲಿಟ್ಟುಕೊಳ್ಳಿ. ಆ ಚಳಿಯಲ್ಲಿ ಅದು ಹಲ್ಲಿಗಿಂತ ಗಟ್ಟಿ. ಖರ್ಜೂರ ಇನ್ನೂ ಮೇಲು.

ವಾಪಸ್ ಬಂದ ಮೇಲೆ ಒದ್ದೆ ಶೂವನ್ನು ಬೆಂಕಿಯ ಮುಂದೆ ಇಡಬೇಡಿ, ಅಟ್ಟೆಯ ಅಂಟು ಬಿಟ್ಟು ಮರುದಿನ ಬಾಯಿ ತೆರೆಯುತ್ತದೆ. ಒಳಗಿನ ಪದರ ಹೊರಗೆಳೆದು, ಹಳೆಯ ಪೇಪರ್ ತುರುಕಿ, ಗಂಟೆಗೊಮ್ಮೆ ಬದಲಿಸಿ. ರಾತ್ರಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಾಸಿಗೆಯೊಳಗೆ ಕಾಲ ಬುಡದಲ್ಲಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೆಳಿಗ್ಗೆ ಮರದ ತುಂಡಾಗಿರುತ್ತದೆ. ಮರುದಿನ ಹೊರಡುವ ಟ್ಯಾಕ್ಸಿಯನ್ನು ಎಂಟು ಗಂಟೆಗೆ ಬರಹೇಳಿ, ಐದಕ್ಕಲ್ಲ. ದೇವದಾರು ನೆರಳಿನ ತಿರುವುಗಳಲ್ಲಿ ರಸ್ತೆಯ ಮೇಲೆ ಹರಿದ ನೀರು ರಾತ್ರಿ ಕಣ್ಣಿಗೆ ಕಾಣದ ಐಸ್ ಆಗಿರುತ್ತದೆ, ಪಾಲಾ ಎನ್ನುತ್ತಾರೆ ಅಲ್ಲಿನ ಚಾಲಕರು. ಅದರ ಮೇಲೆ ಬಿಸಿಲು ಬೀಳುವ ತನಕ ಅವರೂ ಗಾಡಿ ತೆಗೆಯಲು ಒಪ್ಪುವುದಿಲ್ಲ. ಅವಸರ ಮಾಡಿ ಒಪ್ಪಿಸಬೇಡಿ.